ನನ್ನ ಕಾಲಿನ ಎಂ.ಆರ್.ಐ. ಪ್ರಸಂಗ

ಮಕ್ಕಳೇ, ನಿಮ್ಮ ಅಜ್ಜಿ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು, ಹೊಸಬರ ಮುಂದೆ ಬಾಯಿ ಬಿಡದವಳು. ಆದರೂ ರಾಮಕೃಷ್ಣನಗರದ ನಮ್ಮ ಬೀದಿಯಲ್ಲಿ ಮೊಟ್ಟಮೊದಲು ಎಂ.ಆರ್.ಐ. ಸ್ಕ್ಯಾನಿಂಗ್ ಮಾಡಿಸಿಕೊಂಡವಳು ನಾನೇ. ಅದೂ ಎರಡು ಸಲ. ಎರಡು ಸಲ ಏಕೆ ಎಂಬುದನ್ನು ನಿಮ್ಮ ಅಮ್ಮ ಗಿರಿಜ ಬಂದವರಿಗೆಲ್ಲ ನಗುತ್ತಾ ಹೇಳುತ್ತಾಳೆ. ಸರಿಯಾದ ವಿವರ ದಾಖಲಾಗಲಿ ಎಂದು ನಾನೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ಗಿರಿಜಳನ್ನು ಓದಿಸಿದ್ದು ನನ್ನ ಹೊಲಿಗೆ ಮಿಷನ್ನು, ಕಾಲಲ್ಲಿ ತುಳಿಯುವಂಥದ್ದು. ಬೀದಿಯ ಅರ್ಧ ರವಿಕೆಗಳು ನನ್ನ ಕೈಯಿಂದ ಹೋದವು. ಅಂಥವಳ ಎಡಗಾಲು ಒಂದು ದಿನ ಮೆಟ್ಟಿಲ ಮೇಲೆ ಹೊರಳಿತು. ಊತ ಇಳಿಯಿತು, ನೋವು ಇಳಿಯಲಿಲ್ಲ. ವರ್ಷ ಕಳೆದರೂ ಪೆಡಲ್ ತುಳಿದರೆ ಪಾದದ ಕೀಲಿನೊಳಗೆ ಸೂಜಿ ಮುರಿದಂತಾಗುತ್ತಿತ್ತು.

ಮೂಳೆ ಡಾಕ್ಟರು ಪಾದವನ್ನು ಬಗ್ಗಿಸಿ ನೋಡಿದರು.

"ಕೀಲಿನೊಳಗೆ ಮೂಳೆ ಮೇಲೆ ಮೆತ್ತೆ ತರ ಒಂದು ಪದರ ಇರುತ್ತಮ್ಮ. ಅದಕ್ಕೆ ಏಟು ಬಿದ್ದಿದೆ. ಎಷ್ಟು ಅಂತ ಎಕ್ಸ್-ರೇಲಿ ಕಾಣಲ್ಲ, ಎಂ.ಆರ್.ಐ. ಮಾಡಿಸಿ. ಸ್ವಲ್ಪ ಹೋಗಿದ್ರೆ ಸಣ್ಣ ತೂತು ಮಾಡಿ ಸರಿಮಾಡ್ತೀನಿ. ಪೂರ್ತಿ ಸವೆದಿದ್ರೆ ಮೂಳೆಗಳನ್ನೇ ಒಂದಕ್ಕೊಂದು ಸೇರಿಸಬೇಕಾಗುತ್ತೆ. ನೋವು ಹೋಗುತ್ತೆ, ಆದ್ರೆ ಪಾದ ಮೇಲೆ ಕೆಳಗೆ ಆಡಲ್ಲ."

"ಮಿಷನ್ ತುಳಿಯೋದು?" ನನ್ನ ಪರವಾಗಿ ಗಿರಿಜ ಕೇಳಿದಳು.

"ಮೊದಲು ಸ್ಕ್ಯಾನಿಂಗ್ ಆಗ್ಲಿ."

ಅವರು ಕೊಟ್ಟ ಚೀಟಿಯಲ್ಲಿ ನಾಲ್ಕು ಸಾಲು ಇಂಗ್ಲಿಷು, ಕೆಳಗಿನ ಮೂಲೆಯಲ್ಲಿ ಸೊಟ್ಟಗೆ ಒಂದೇ ಪದ. ಅದು ಸಹಿ ಎಂದು ನಾನು ತೀರ್ಮಾನಿಸಿದೆ. ಸ್ಕ್ಯಾನಿಂಗಿನ ಹಿಂದಿನ ದಿನ ಪಕ್ಕದ ಮನೆಯ ಕಮಲಮ್ಮ ಬಟ್ಟೆ ತಂದು, "ಕಾಲು ಸರಿಹೋದ್ಮೇಲೆ ಮೊದಲ್ನೇ ರವಿಕೆ ನಂದೇ ಕಣ್ರೀ, ಅಳತೆ ಬರ್ಕೊಂಬುಡಿ" ಎಂದರು. ಕೈಗೆ ಬೇರೆ ಕಾಗದ ಸಿಗಲಿಲ್ಲ. ಸಹಿ ಇಲ್ಲದಿದ್ದರೆ ಏನಂತೆ, ಅಷ್ಟು ದೊಡ್ಡ ಡಾಕ್ಟರು ಯಾರಿಗೆ ಗೊತ್ತಿಲ್ಲ? ಆ ಮೂಲೆಯನ್ನು ನೀಟಾಗಿ ಕತ್ತರಿಸಿ, ಹಿಂಬದಿಯಲ್ಲಿ ಎದೆ, ಸೊಂಟ, ತೋಳು ಬರೆದುಕೊಂಡು ಪರ್ಸಿನಲ್ಲಿಟ್ಟೆ.

ಮರುದಿನ ಗಿರಿಜ ಹೊರಗೆ ಫಾರಂ ತುಂಬುತ್ತಿದ್ದಳು. ಒಳಗೆ ಮಿಷನ್ ನಡೆಸುವವನು, ನಮ್ಮ ಗಿರಿಜಳ ವಯಸ್ಸಿನವನು, ಮೈಮೇಲೆ ಲೋಹದ ಚೂರೂ ಇರಬಾರದು ಎಂದ. ಒಡವೆ ಇಲ್ಲದ ನನಗೇನು ಭಯ ಎಂದು ಬಟ್ಟೆ ಬದಲಾಯಿಸಲು ಹೋದೆ. ಸೆರಗಿನಿಂದ ಮೂರು ಪಿನ್ನು ಬಂದವು. ರವಿಕೆಯಿಂದ ಎರಡು ಸೂಜಿ. ಸೊಂಟದಿಂದ ಬೆರಳಿಗೆ ಹಾಕುವ ಅಂಗುಸ್ತಾನ, ಆಮೇಲೆ ದಾರ ಸುತ್ತಿದ ಬಾಬಿನ್ನು.

"ಅಂಗಡೀನೇ ತಂದ್ಬುಟ್ಟಿದ್ದೀರಲ್ಲಮ್ಮ" ಎಂದ ಅವನು.

ಅವರು ಕೊಟ್ಟ ನಿಲುವಂಗಿಯ ಹೊಲಿಗೆಯಂತೂ ನನ್ನ ಕೈಗೆ ಬಂದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕಾದಂತಿತ್ತು.

"ಯಾವ ಕಾಲು ಅಂತ ಚೀಟೀಲಿ ಕಾಣ್ತಿಲ್ವಲ್ಲಮ್ಮ. ಕಾಲನ್ನ ಇದ್ರೊಳಗೆ ಇಡಿ."

ಮಕ್ಕಳೇ, ಹೊಸ ಜಾಗದಲ್ಲಿ ಮೊದಲು ಎಡಗಾಲಿಡುವಷ್ಟು ಕೆಟ್ಟ ಪಾಠ ನನ್ನ ತಾಯಿ ನನಗೆ ಕಲಿಸಿರಲಿಲ್ಲ. ಮನೆ ಹೊಕ್ಕರೂ ಬಲಗಾಲು, ಬಸ್ಸು ಹತ್ತಿದರೂ ಬಲಗಾಲು. ಶಾಸ್ತ್ರಕ್ಕೆ ಬಲಗಾಲನ್ನು ಇಟ್ಟೆ. ಆಮೇಲೆ ಎಡಗಾಲಿನ ಚಿತ್ರವನ್ನೂ ತೆಗೆಯುತ್ತಾರೆ, ಎರಡು ತೋಳಿಗೂ ಅಳತೆ ತೆಗೆಯುವುದಿಲ್ಲವೇ, ಹಾಗೆ.

"ಇದೇನಾ?"

"ಹ್ಞೂ" ಎಂದೆ. "ಮೊದಲು ಇದು" ಎನ್ನಬೇಕೆಂದಿದ್ದೆ. ನಾಚಿಕೆಯಲ್ಲಿ ಅಷ್ಟೇ ಹೊರಬಂತು.

ಒಳಗೆ ಎಣ್ಣೆ ಕಾಣದ ಹತ್ತು ಹೊಲಿಗೆ ಮಿಷನ್ನುಗಳನ್ನು ಒಟ್ಟಿಗೆ ತುಳಿದಂಥ ಸದ್ದು. ನಾನು ಕೂದಲೆಳೆಯಷ್ಟೂ ಅಲುಗಲಿಲ್ಲ. ಕೊನೆಗೆ ಅವನು, "ಇಷ್ಟು ಅಲ್ಲಾಡದೆ ಮಲಗೋರನ್ನ ನಾನು ನೋಡೇ ಇಲ್ಲ ಕಣಮ್ಮ" ಎಂದ. ನನಗೆ ಹೆಮ್ಮೆಯಲ್ಲಿ ಮೈ ಉಬ್ಬಿತು. ಎಡಗಾಲನ್ನು ಮುಂದೆ ಮಾಡಿದೆ. "ಮುಗೀತಮ್ಮ, ಇಳೀರಿ" ಎಂದ. ಇಷ್ಟು ದೊಡ್ಡ ಯಂತ್ರಕ್ಕೆ ಪಕ್ಕದಲ್ಲೇ ಇದ್ದ ಇನ್ನೊಂದು ಕಾಲು ಕಾಣದೆ ಇರುತ್ತದೆಯೇ? ಸುಮ್ಮನೆ ಇಳಿದೆ.

ಅಲುಗಾಡುವ ಆಟೋದಲ್ಲಿ ಗಿರಿಜ ರಿಪೋರ್ಟಿನ ಕೊನೆಯ ಸಾಲು ಮಾತ್ರ ಓದಿದಳು. "ಅಮ್ಮ, ಎಲ್ಲಾ ನಾರ್ಮಲ್ ಅಂತಿದೆ."

ಆ ಸಂಜೆ ಕಮಲಮ್ಮ ಫಿಲಮನ್ನು ಕಿಟಕಿಗೆ ಹಿಡಿದು, "ನೋಡಿದ್ರಾ, ಹಳೇ ಕಾಲದ ಮೂಳೆ" ಎಂದರು. ಬೀದಿಯ ನಾಲ್ಕು ಹೆಂಗಸರ ಮುಂದೆ, ಮಿಷನ್ ತುಳಿದರೆ ಕೀಲು ಹೇಗೆ ಗಟ್ಟಿಯಾಗುತ್ತದೆ ಎಂದು ನಾನು ಭಾಷಣವನ್ನೇ ಮಾಡಿದೆ. ನಂತರ ಕುಂಟುತ್ತಾ ಎಲ್ಲರಿಗೂ ಕಾಫಿ ತಂದೆ. ನೋವು ನಾರ್ಮಲ್ ಆಗಿರಲಿಲ್ಲ. ರಿಪೋರ್ಟು ಆಗಿತ್ತು.

ಡಾಕ್ಟರ ಮುಂದೆ ಕುಳಿತಾಗ, ಜೀವಮಾನದಲ್ಲಿ ಮೊದಲ ಸಲ ನಾನೇ ಬಾಯಿ ತೆರೆದೆ. "ಆಪರೇಷನ್ ಬೇಡ ಬುಡಿ ಡಾಕ್ಟ್ರೇ. ಮಾತ್ರೆ ಬರ್ಕೊಡಿ, ಸಾಕು."

ಅವರು ಫಿಲಮನ್ನು ದೀಪದ ಮುಂದೆ ಸಿಕ್ಕಿಸಿದರು. "ಬಹಳ ಚೆನ್ನಾಗಿದೆ. ಎಲ್ಲೂ ಸವೆದಿಲ್ಲ."

ನಾನು ಗಿರಿಜಳ ಕಡೆ ನೋಡಿದೆ.

"ಆದ್ರೆ ಇದು ಬಲಗಾಲಲ್ವಾ ಅಮ್ಮ?"

ಗಿರಿಜ ನನ್ನ ಕಡೆ ನೋಡಿದಳು.

"ನಾನು ಚೀಟಿ ಮೂಲೇಲಿ ಇಂಗ್ಲಿಷಲ್ಲಿ ಎಡಗಾಲು ಅಂತ ಬರ್ದಿದ್ನಲ್ಲ?"

ಪರ್ಸು ತೆಗೆದು ಆ ಮೂಲೆಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ತಿರುಗಿಸಿ ಓದಿದರು. "ತೋಳು ಹನ್ನೊಂದು?"

"ಅದು ಕಮಲಮ್ಮಂದು" ಎಂದೆ.

ಗಿರಿಜ ತಲೆ ಎತ್ತಲಿಲ್ಲ. ಡಾಕ್ಟರು ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು.

ಎರಡನೇ ಸಲ ಹೋಗುವ ಮುಂಚೆ ನಿಮ್ಮ ಅಮ್ಮ ನನ್ನ ಎಡಪಾದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಏನೋ ಬರೆದಳು. ಮಿಷನ್ನಿನವನು ಅದನ್ನು ಗಟ್ಟಿಯಾಗಿ ಓದಿದ: "ಇದೇ ಕಾಲು. ಇನ್ನೊಂದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ." ಆ ದಿನವೂ ನಾನು ಅಲುಗಲಿಲ್ಲ. ಆದರೆ ಹೊಗಳಿಕೆ ಕೇಳುವಷ್ಟು ಸಮಾಧಾನ ಇರಲಿಲ್ಲ. ಪಾದ ಆಡದಿದ್ದರೆ ನಾನು ಯಾರು ಎಂದು ಯೋಚಿಸುತ್ತಾ ಮಲಗಿದ್ದೆ.

ಈ ಸಲದ ಫಿಲಮಿನಲ್ಲಿ ಹೆಸರುಬೇಳೆಯಷ್ಟು ಜಾಗದಲ್ಲಿ ಮಾತ್ರ ಮೆತ್ತೆ ಕಿತ್ತುಹೋಗಿತ್ತು. "ಸಣ್ಣ ತೂತು ಸಾಕಮ್ಮ. ಮಿಷನ್ ತುಳೀಬಹುದು" ಎಂದರು ಡಾಕ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಅದನ್ನು ನಿಮ್ಮ ಅಮ್ಮ ಯಾರಿಗೂ ಹೇಳುವುದಿಲ್ಲ, ಒಳ್ಳೆಯವಳು.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಮಿಷನ್ ಮುಂದೆ ಕುಳಿತೆ. ನೀವೆಲ್ಲ ಸುತ್ತ ನಿಂತಿದ್ದಿರಿ. ಕಮಲಮ್ಮನೂ ಇದ್ದರು. ಅವರ ರವಿಕೆಯ ಬಟ್ಟೆ ಇಟ್ಟು ತುಳಿದೆ. ಪಾದ ಮೇಲೆ ಹೋಯಿತು, ಕೆಳಗೆ ಬಂತು. ನೋವಿಲ್ಲ! ಒಂದು ಬದಿಯಿಂದ ಇನ್ನೊಂದು ಬದಿಗೆ ನಿಲ್ಲಿಸದೆ ತುಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದಿರಿ.

ಆಗ ಪುಟ್ಟಿ, ಆರು ವರ್ಷದ ನೀನು ಬಗ್ಗಿ ನೋಡಿ ಕೇಳಿದೆ: "ಅಜ್ಜಿ, ಸೂಜೀಲಿ ದಾರಾನೇ ಇಲ್ವಲ್ಲ?"

ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಸಾಲಾಗಿ, ಅಚ್ಚುಕಟ್ಟಾಗಿ, ಬರೀ ತೂತುಗಳು. ಕಾಲು ತನಗೆ ಹೇಳಿದಷ್ಟನ್ನೂ ಮಾಡಿತ್ತು. ಹೇಳಿದವಳದ್ದೇ ತಪ್ಪು.