ಹೆಂಡತಿಯ ಹೊಟ್ಟೆನೋವಿಗೆ ನನ್ನ ಉತ್ತರ

ನಶ್ಯ, ಬೀಡಿ, ಇಸ್ಪೀಟು ಯಾವ ಚಟವೂ ಇಲ್ಲದ ಮನುಷ್ಯನೆಂದು ಭದ್ರಾವತಿಯ ನಮ್ಮ ಬೀದಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಇದ್ದ ಒಂದೇ ಚಟ ಯಾರಿಗೂ ಚಟವಾಗಿ ಕಂಡಿರಲಿಲ್ಲ. ನನ್ನ ಹೆಂಡತಿ ಸರೋಜಳನ್ನು ಯಾರು ಏನು ಕೇಳಿದರೂ ಉತ್ತರ ನಾನೇ ಕೊಡುತ್ತಿದ್ದೆ. ನೆಂಟರ ಮನೆಯಲ್ಲಿ "ಇನ್ನೊಂದು ಹೋಳಿಗೆ ಹಾಕ್ಲಾ ಸರೋಜಕ್ಕ?" ಎಂದರೆ, "ಸಾಕು, ಅವಳಿಗೆ ಸಿಹಿ ಸೇರಲ್ಲ" ಎನ್ನುತ್ತಿದ್ದೆ. ಸಿಹಿ ಸೇರದಿದ್ದುದು ನನಗೆ. ಅವಳು ಸುಮ್ಮನೆ ಎಲೆ ಮಡಚಿ ಏಳುತ್ತಿದ್ದಳು. ನಮ್ಮ ಕಡೆ ಇದಕ್ಕೆ ಹೆಂಡತಿಯ ಮೇಲಿನ ಕಾಳಜಿ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹೋದ ವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಬಸ್ಸು ಹತ್ತಿ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿಯ ಡಾಕ್ಟರು ಈಗ ಪೆನ್ನು ಹಿಡಿಯುವುದಿಲ್ಲ. ಮೇಜಿನ ಮೇಲೊಂದು ಮೊಬೈಲು ಮಲಗಿರುತ್ತದೆ; ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡು ಅದರೊಳಗಿನ ಎಐ ತಾನೇ ಕೇಸ್ ಶೀಟು ಬರೆಯುತ್ತದೆ. ನನಗೆ ಹುರುಪು ಬಂತು. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ.

"ಊಟ ಸೇರುತ್ತಾ ಅಮ್ಮ?" ಎಂದರು ಡಾಕ್ಟರು.

"ಚೆನ್ನಾಗೇ ಸೇರುತ್ತೆ ಸಾರ್. ಬರೀ ಗ್ಯಾಸ್ಟ್ರಿಕ್ಕು" ಎಂದೆ.

"ನಿದ್ದೆ?"

"ಮಲಗಿದ್ರೆ ಬೆಳಗ್ಗೇನೇ ಏಳೋದು."

ಹೊರಗೆ ಜನ ಕಾಯುತ್ತಿದ್ದರು. ಗ್ಯಾಸಿನ ಮಾತ್ರೆ ಸಿಕ್ಕಿತು. ಮೂರು ತಿಂಗಳು ಅದನ್ನೇ ನುಂಗಿಸಿದೆ.

ಸರೋಜ ಸೊರಗಿ ಸೀರೆಗೆ ಎರಡು ನೆರಿಗೆ ಹೆಚ್ಚಾದಾಗ ಮತ್ತೆ ಹೋದೆವು. ಈ ಸಲ ಮೊದಲು ವಿಚಾರಿಸಿದವಳು ಡಾಕ್ಟರಿಕೆ ಓದುತ್ತಿರುವ ಒಬ್ಬ ಹುಡುಗಿ. ಹಳೆಯ ಶೀಟು ನೋಡಿ, "ಅಜ್ಜಿ, ಊಟ ನಿದ್ದೆ ಎಲ್ಲ ಸರಿ ಇದೆ ಅಂತ ಹೋದ್ಸಲ ನೀವೇ ಹೇಳಿದೀರಲ್ಲ?" ಎಂದಳು.

"ನಾನೆಲ್ಲಿ ಬಾಯಿ ಬಿಟ್ಟೆ ಮಾರಾಯ್ತಿ? ಅದು ಇವರ ಹೊಟ್ಟೆ ಸಮಾಚಾರ ಇರಬೇಕು" ಎಂದಳು ಸರೋಜ.

ಹುಡುಗಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ಅಜ್ಜ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದಳು.

ನಾನು ಹೊರಗೆ ಕೂತ ಅರ್ಧ ಗಂಟೆಯೂ ನನ್ನ ಹೆಂಡತಿ ಒಳಗೆ ಮಾತಾಡಿದಳು. ಅವಳ ಹತ್ತಿರ ಅಷ್ಟು ಮಾತಿದೆಯೆಂದು ನನಗೆ ಗೊತ್ತಿರಲಿಲ್ಲ. ಹೊಸ ಶೀಟನ್ನು, ಅವಳು ಹೂಂ ಎಂದ ಮೇಲೆ, ಹುಡುಗಿ ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಐದು ತಿಂಗಳಿಂದ ನೋವು. ಎರಡು ತುತ್ತಿಗೇ ಊಟ ಸಾಕಾಗುತ್ತದೆ. ರಾತ್ರಿ ನೋವಿಗೆ ಎಚ್ಚರವಾದರೆ, ಗಂಡನ ನಿದ್ದೆ ಕೆಡಬಾರದೆಂದು ಅಡುಗೆಮನೆಗೆ ಹೋಗಿ ಕೂರುತ್ತಾರೆ.

ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಮೊದಲೇ ತಿಳಿದಿದ್ದರೆ ಆಪರೇಷನ್ನಿಗೆ ದಾರಿಯಿತ್ತಂತೆ. ಸರೋಜ ಹೋದಳು. ಮಾತಾಡಿಸಲು ಬಂದವರ ಮುಂದೆಲ್ಲ, "ಆ ಯಂತ್ರ ತಪ್ಪು ಬರೀತು" ಎಂದು ಕೆಲವು ದಿನ ಹೇಳಿಕೊಂಡೆ. ಅದು ಮಾಡಿದ ತಪ್ಪು ಒಂದೇ. ಡಾಕ್ಟರಲ್ಲದವರ ದನಿ ರೋಗಿಯದೇ ಇರಬೇಕೆಂದು ನಂಬಿತು. ರೋಗಿಯನ್ನು ಮಾತಾಡಲು ಬಿಡದವನೊಬ್ಬ ಪಕ್ಕದಲ್ಲಿ ಕೂತಿರುತ್ತಾನೆಂದು ಅದಕ್ಕೆ ಯಾರು ಹೇಳಿಕೊಡಬೇಕು?

ಮೊನ್ನೆ ಆ ಹುಡುಗಿ ಫೋನು ಮಾಡಿದ್ದಳು. "ಅಜ್ಜ, ಆ ಎರಡೂ ಶೀಟು ಹೆಸರು ತೆಗೆದು ನಮ್ಮ ಕ್ಲಾಸಲ್ಲಿ ಪಾಠಕ್ಕೆ ಇಡೋಣ ಅಂತಿದಾರೆ ಮೇಷ್ಟ್ರು. ಅಜ್ಜಿ ಇದ್ದಿದ್ರೆ ಒಪ್ತಿದ್ರಾ?"

"ಧಾರಾಳವಾಗಿ ಒಪ್ತಿದ್ಲು ಬಿಡಮ್ಮ" ಎಂದೆ.

ಹುಡುಗಿಯ ಪ್ರಶ್ನೆ ಪೂರ್ತಿ ಮುಗಿದಿತ್ತೋ ಇಲ್ಲವೋ. ಆಮೇಲೆ ನಾನು ಸುಮ್ಮನಾದೆ, ಬಹಳ ತಡವಾಗಿ.