ಗಾಜಿನ ಮೇಲಿನ ಮಾರೆವ್ವ

ತೆಂಗಿನಕಾಯಿ ಒಡೆಯಲಿಲ್ಲ. ದುರುಗಪ್ಪನ ಆ ಮಂಗಳವಾರದ ಕಷ್ಟವೆಲ್ಲ ಅಲ್ಲಿಂದ ಆರಂಭವಾಯಿತು.

ಕಾರ್ಖಾನೆಗೆ ಅದಿರು ಹೊರುವ ಬ್ಯಾಟರಿ ಲಾರಿಯನ್ನು ತನ್ನೂರು ಹಿಟ್ನಾಳದ ಹೆದ್ದಾರಿಯ ಪಕ್ಕಕ್ಕೆ ಹಾಕಿ, ಅವನು ಬುತ್ತಿ ತೆಗೆದುಕೊಳ್ಳಲು ಇಳಿದಿದ್ದ. ಹೆಂಡತಿ ಮಾರೆವ್ವ ತೀರಿಕೊಂಡು ಏಳು ತಿಂಗಳಾಗಿತ್ತು. ಅಂದಿನಿಂದ ಅವನಿಗೆ ರೊಟ್ಟಿ ಬಡಿದು ಕಟ್ಟಿಕೊಡುವವಳು ಪಕ್ಕದ ಮನೆಯ ಗುರುಲಿಂಗಮ್ಮ. ಆ ದಿನ ಆಕೆಯ ಒಂದು ಕೈಯಲ್ಲಿ ಬುತ್ತಿ ಇತ್ತು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಇತ್ತು.

"ಹುಲಿಗೆಮ್ಮನ ವಾರ ಐತಿ. ಈ ಬಂಡಿ ನಿನ್ನ ಕೈಗೆ ಬಂದು ಹದಿನಾಕು ದಿನ ಆತು, ಒಂದು ಕಾಯಿ ಒಡೆದಿಲ್ಲ. ಊರವರ ಕಣ್ಣೆಲ್ಲ ಇದರ ಮ್ಯಾಲ ಐತಿ ತಮ್ಮಾ."

"ಕಂಪನಿಯವ್ರು ಬ್ಯಾಡ ಅಂದಾರ ಅಕ್ಕಾ. ನಿಂಬಿಹಣ್ಣು ಸೈತ ಕಟ್ಟಬಾರದು ಅಂದಾರ."

"ಕಂಪನಿಯವ್ರು ನಿನಗ ರೊಟ್ಟಿ ಬಡಿತಾರೇನು?"

ದುರುಗಪ್ಪ ಬುತ್ತಿ ತೆಗೆದುಕೊಂಡು ಲಾರಿಯ ಮುಂದಿನಿಂದ ಪಕ್ಕಕ್ಕೆ ಸರಿದ.

ಹಳೆಯ ಲಾರಿಗಳ ಬಂಪರು ದಪ್ಪ ಕಬ್ಬಿಣದ್ದು. ಈ ಸೀಮೆಯಲ್ಲಿ ಲಾರಿಗೆ ಕಾಯಿ ಒಡೆಯುವುದೆಂದರೆ ಬಂಪರಿಗೆ ಬಡಿಯುವುದು. ಕಾಯಿ ಎರಡಾಗಿ ನೀರು ಗಾಲಿಯ ಮೇಲೆ ಬಿದ್ದರೆ ಶುಭ. ಗುರುಲಿಂಗಮ್ಮ ಮೂರು ಸುತ್ತು ದೃಷ್ಟಿ ಇಳಿಸಿ, ಐವತ್ತು ವರ್ಷ ರೊಟ್ಟಿ ಬಡಿದ ಕೈಯಿಂದ, ಸೊಸೆಯ ಮೇಲಿನ ಸಿಟ್ಟನ್ನೂ ಸೇರಿಸಿ ಬಡಿದಳು. ಆದರೆ ಈ ಲಾರಿಯ ಬಂಪರು ಕಬ್ಬಿಣದಂತೆ ಕಾಣುವ ಪ್ಲಾಸ್ಟಿಕ್ಕು. ಅದು ಒಮ್ಮೆ ಒಳಗೆ ತಗ್ಗಿ, ಮತ್ತೆ ಉಬ್ಬಿ, ಕಾಯಿಯನ್ನು ಚೆಂಡಿನಂತೆ ಮೇಲಕ್ಕೆ ಕಳಿಸಿತು. ಕಾಯಿ ಮುಂದಿನ ಗಾಜಿಗೆ ತಾಗಿ, ನೆಲಕ್ಕೆ ಬಿದ್ದು, ಇಡಿಯಾಗಿಯೇ ಉರುಳುತ್ತ ಗಟಾರ ಸೇರಿತು.

ಗಾಜಿನ ಎಡಗಡೆಯ ಕೆಳಮೂಲೆಯಲ್ಲಿ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಮೂಡಿತ್ತು.

"ಕಾಯಿ ಗಟ್ಟಿ ಇತ್ತು ನೋಡು," ಎಂದಳು ಗುರುಲಿಂಗಮ್ಮ.

ದುರುಗಪ್ಪ ಚುಕ್ಕೆಯನ್ನು ಬೆರಳಿನಿಂದ ಸವರಿ ನೋಡಿದ. ಹಳೆಯ ಲಾರಿಯಲ್ಲಿ ಎರಡು ಚಪ್ಪಟೆ ಗಾಜು ಇರುತ್ತಿದ್ದವು. ಒಂದು ಒಡೆದರೆ ಗಂಗಾವತಿಯಲ್ಲಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೇರೆಯದನ್ನು ಕೂಡಿಸಿಕೊಡುತ್ತಿದ್ದರು. ಈ ಲಾರಿಯದು ಒಂದೇ ಗಾಜು. ಮನೆಯ ತಲಬಾಗಿಲಿಗಿಂತ ದೊಡ್ಡದು, ಮುಂದಿನಿಂದ ಪಕ್ಕದವರೆಗೆ ಬಾಗಿದ್ದು, ಹಡಗಿನಲ್ಲಿ ಬರಬೇಕಾದದ್ದು. ಒಳಗೆ ಒಂದೇ ಸೀಟು, ಅದೂ ನಟ್ಟನಡುವೆ. ಚಾಲಕ ಗರ್ಭಗುಡಿಯ ದೇವರಂತೆ ಒಬ್ಬನೇ ಕೂರಬೇಕು. ತೂಕದ ಕಾಟಾದಲ್ಲಿ ಚೀಟಿ ಕೊಡಬೇಕಾದರೆ ಈ ದೇವರು ಎದ್ದು, ತಲೆ ತಗ್ಗಿಸಿ, ಎರಡು ಹೆಜ್ಜೆ ನಡೆದು, ಅಂಗೈ ಅಗಲದ ಕಿಟಕಿಯಿಂದ ಕೈ ಚಾಚಬೇಕು. ಅದನ್ನು ಕಟ್ಟಿದವರು ಜನ್ಮದಲ್ಲಿ ಯಾರಿಗೂ ಚೀಟಿ ಕೊಟ್ಟವರಲ್ಲ.

ಆದರೂ ಅವನಿಗೆ ಆ ಲಾರಿ ಬೇಕೇ ಬೇಕಾಗಿತ್ತು. ಮೂವತ್ತು ವರ್ಷದ ಡೀಸೆಲ್ ಲಾರಿ ಅವನ ಬೆನ್ನಿನ ಎರಡು ಮಣಿಗಳನ್ನು ತಿಂದಿತ್ತು. "ಇನ್ನೊಂದು ವರ್ಷ ಆ ಗಾಡಿ ಓಡಿಸಿದ್ರ ಹಾಸಿಗಿ ಹಿಡೀತಿ," ಎಂದು ಕೊಪ್ಪಳದ ಡಾಕ್ಟರು ಹೇಳಿದ್ದರು. ಬ್ಯಾಟರಿ ಲಾರಿಯೋ ತೊಟ್ಟಿಲಿನಂತೆ ಸಾಗುತ್ತಿತ್ತು. ಇದೇ ತರಹದ ಇನ್ನೊಂದು ಲಾರಿಯನ್ನು ಅವನಿಗಿಂತ ಮೊದಲೇ ಜೊತೆಯ ಚಾಲಕ ಅಕ್ಬರನಿಗೆ ಕೊಟ್ಟಿದ್ದರು. ನಾಲ್ಕನೇ ದಿನ ಮುಂದಿನ ಟಿಪ್ಪರಿನಿಂದ ಕಲ್ಲು ಸಿಡಿದು ಅದರ ಗಾಜು ಒಡೆಯಿತು. ಲಾರಿ ನಲವತ್ತು ದಿನದಿಂದ ತಾಡಪತ್ರಿಯ ಕೆಳಗೆ ನಿಂತಿತ್ತು. ಅಂದಿನಿಂದ ಅಕ್ಬರ ಕಾವಲುಗಾರನಾಗಿ ಸೀಟಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ದಿನಕ್ಕೆ ಹನ್ನೆರಡು ತಾಸು ನಿಲ್ಲುತ್ತಿದ್ದ. ದುರುಗಪ್ಪನ ಬೆನ್ನು ಹನ್ನೆರಡು ನಿಮಿಷ ನಿಲ್ಲುವಂಥದ್ದಲ್ಲ. ಹಾಸಿಗೆ ಹಿಡಿದರೆ ನೀರು ಕೊಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಇದೆಲ್ಲದರ ಮೇಲೆ, ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಲಾರಿ ತಯಾರಿಸಿದ ಕಂಪನಿಯ ಎಂಜಿನಿಯರು ಗಾಜು ನೋಡಲು ಬರುವವರಿದ್ದರು.

ಎದುರಿನ ಪಂಕ್ಚರ್ ಅಂಗಡಿಯ ಸುಭಾಷ್ ಕೈ ಒರೆಸಿಕೊಳ್ಳುತ್ತ ಬಂದ. ಅವನು ಕೇಳದೆ ಬರುವ ಮನುಷ್ಯ.

"ಏನೂ ಆಗಿಲ್ಲ ಬಿಡಣ್ಣ. ಅಂಟು ಹಾಕಿದ್ರ ಗೊತ್ತ ಆಗಂಗಿಲ್ಲ. ಮೊದಲ ಧೂಳು ತೊಳೀಬೇಕು."

ಬಿಸಿಲಿಗೆ ಕಾದು ಹೆಂಚಿನಂತಾಗಿದ್ದ ಗಾಜಿನ ಮೇಲೆ ಅವನು ಒಂದು ಕೊಡ ತಣ್ಣೀರು ಸುರಿದ. ಟಿಕ್ ಎಂದು ಸಣ್ಣ ಸದ್ದು ಬಂತು. ಜೋಳದ ಕಾಳು ಬೆರಳುದ್ದದ ಗೆರೆಯಾಯಿತು.

"ಇದು ಮೊದಲ ಇತ್ತೇನೋ," ಎಂದ ಸುಭಾಷ್.

"ಇರಲಿಲ್ಲಪ್ಪ. ನೀ ತಂದಿ ಅದನ್ನ."

ಸುಭಾಷ್ ತಟ್ಟನೆ ಹಿಡಿಯುವ ಅಂಟಿನ ಟ್ಯೂಬು ತಂದು, ಗೆರೆಯ ಉದ್ದಕ್ಕೂ ಹಿಂಡಿ, ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅಂಟು ಒಳ್ಳೆಯದಿತ್ತು. ಬೆರಳು ತೆಗೆಯಲು ಹೋದರೆ ಬೆರಳು ಬರಲಿಲ್ಲ. ಸಂತೆಯಲ್ಲಿ ಕಳುವು ಮಾಡಿ ಸಿಕ್ಕವನಂತೆ ಸುಭಾಷ್ ಗಾಜಿಗೆ ಕೈ ಹಚ್ಚಿ ನಿಂತ.

"ಜಗ್ಗಬ್ಯಾಡೋ, ಗಾಜು ಬರತೈತಿ," ಎಂದ ದುರುಗಪ್ಪ.

"ನನ್ನ ಬೆರಳು ಹೋದ್ರೂ ಅಡ್ಡಿಯಿಲ್ಲೇನಣ್ಣ?"

"ಬೆರಳು ಹತ್ತು ಅದಾವು. ಗಾಜು ಒಂದ ಐತಿ."

ಗುರುಲಿಂಗಮ್ಮ ಮನೆಗೆ ಓಡಿ, ಬೆರಳು ಬಿಡಿಸಲು ಕುದಿಯುವ ನೀರು ತಂದಳು. ಯಾರೂ ಬೇಡ ಎನ್ನುವ ಮೊದಲೇ ಸುರಿದಳು. ಬೆರಳು ಬಿಟ್ಟಿತು, ಅದರ ತೊಗಲು ಚೂರು ಗಾಜಿನ ಮೇಲೆಯೇ ಉಳಿಯಿತು. ಟಿಕ್, ಟಿಕ್ ಎಂದು ಎರಡು ಸಲ ಕೇಳಿಸಿತು. ಗೆರೆ ಈಗ ಒಂದು ಗೇಣಾಗಿ, ಕುಡುಗೋಲಿನಂತೆ ಬಾಗಿ ಮೇಲಕ್ಕೆ ಹೊರಟಿತ್ತು.

ಗುರುಲಿಂಗಮ್ಮ ಖಾಲಿ ಪಾತ್ರೆ ಕೆಳಗಿಟ್ಟಳು. "ಹುಲಿಗೆಮ್ಮನ ಪಟ ಹಚ್ಚಿಬಿಡು. ತಾಯಿ ಕುಂತ ಜಾಗದಾಗ ಕೈ ಹಾಕೋರು ಯಾರು?"

ಕ್ಯಾಲೆಂಡರಿನಿಂದ ಕತ್ತರಿಸಿದ ಅಮ್ಮನವರ ಪಟವನ್ನು ಹೊರಗಿನಿಂದ ಅಂಟಿಸಿದರು. ಹೊರಗೆ ಚೆನ್ನಾಗಿಯೇ ಕಂಡಿತು. ಒಳಗಿನಿಂದ ನೋಡಿದರೆ ಮಾತ್ರ ಪಟದ ಬಿಳಿ ಬೆನ್ನು, ಅದರ ಮೇಲೆ ಎದ್ದು ಕಾಣುವ ಗೆರೆ. ದುರುಗಪ್ಪ ಬಹಳ ಹೊತ್ತು ಯೋಚಿಸಿದ. ಆಮೇಲೆ ಸೀಟಿನ ಕೆಳಗಿನ ಅರೆಯಿಂದ, ಟವೆಲಿನಲ್ಲಿ ಸುತ್ತಿಟ್ಟಿದ್ದ ಮಾರೆವ್ವನ ಫೋಟೊ ತೆಗೆದ.

ಅದು ಆಧಾರ್ ಕಾರ್ಡಿನ ಫೋಟೊವನ್ನು ದೊಡ್ಡದು ಮಾಡಿಸಿದ್ದು. ತೆಗೆಯುವವನು ಅವಸರ ಮಾಡಿದ್ದ. ಮಾರೆವ್ವ ಏನೋ ಹೇಳಲು ಬಾಯಿ ತೆರೆದಂತೆ ಅದರಲ್ಲಿ ಉಳಿದುಹೋಗಿದ್ದಳು. ಬೇರೆ ಫೋಟೊ ಇರಲಿಲ್ಲ. ಅದನ್ನೇ ಗೆರೆಯ ಮೇಲೆ ಒಳಗಿನಿಂದ ಅಂಟಿಸಿದ.

ಹೊರಗೆ ದೇವಿ, ಒಳಗೆ ಹೆಂಡತಿ, ನಡುವೆ ಬಿರುಕು. "ತಾಯಿ, ಸಿಟ್ಟಾಗಬ್ಯಾಡ," ಎಂದು ಕೈಮುಗಿದು ದುರುಗಪ್ಪ ಲಾರಿ ಹತ್ತಿದ.

ತಂಪು ಗಾಳಿ ಹಾಕಿದರೆ ಗಾಜು ಇನ್ನೂ ಸೀಳುತ್ತದೆ ಎಂದು ಸುಭಾಷ್ ಹೇಳಿಕೊಟ್ಟಿದ್ದ. ಏಸಿ ಬಂದ್ ಮಾಡಿ, ಅಂಗೈ ಅಗಲದ ಆ ಒಂದು ಕಿಟಕಿಯನ್ನೇ ನಂಬಿ, ಆ ದೊಡ್ಡ ಗಾಜಿನ ಹಿಂದೆ ಅವನು ಆವಿಯಲ್ಲಿಟ್ಟ ಕಡುಬಿನಂತೆ ಬೇಯುತ್ತ ಹೊರಟ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಉಸಿರು ಹಿಡಿದು, ಗರ್ಭಿಣಿಯನ್ನು ಕರೆದೊಯ್ಯುವವನಂತೆ ದಾಟಿಸಿದ. ಹಿಂದಿನ ಬಸ್ಸಿನವನು ಹಾರ್ನು ಹೊಡೆದು ಹೊಡೆದು ಸಾಕಾಗಿ, ಪಕ್ಕಕ್ಕೆ ಬಂದು ಕೇಳಿದ: "ಹೆಣ ಒಯ್ಯಾಕ ಹತ್ತೀಯೇನಪ್ಪ?"

ದುರುಗಪ್ಪ ಎಡಕ್ಕೆ ನೋಡಿದ. ಹಳೆಯ ಲಾರಿಯಲ್ಲಿ ಪಕ್ಕದ ಸೀಟು ಇರುತ್ತಿದ್ದ ಕಡೆಗೇ ಮಾರೆವ್ವ ಇದ್ದಳು. ಬದುಕಿದ್ದಾಗ ಆಕೆ ಎಷ್ಟು ಸಲ ಕೇಳಿದ್ದಳು, "ಒಂದಿನ ಲಾರ್‍ಯಾಗ ಕುಂದ್ರಿಸಿಕೊಂಡು ಹುಲಿಗೆಮ್ಮನ ಗುಡಿಗೆ ಕರಕೊಂಡು ಹೋಗು." ಲಾರಿ ಹೆಂಗಸರಿಗಲ್ಲ ಎಂದು ಅವನು ಪ್ರತಿ ಸಲವೂ ಹೇಳಿದ್ದ. ಅವನ ಜೊತೆ ಆಕೆ ದೂರ ಹೋದದ್ದು ಒಂದೇ ಸಲ, ಕೊಪ್ಪಳದ ಆಸ್ಪತ್ರೆಗೆ. ಆಗ ಆಕೆ ಕೂತಿರಲಿಲ್ಲ, ಮಲಗಿದ್ದಳು. ಸೀಟಿದ್ದ ಲಾರಿಯಲ್ಲಿ ಕೂರಿಸಲಿಲ್ಲ. ಸೀಟಿಲ್ಲದ ಲಾರಿಯಲ್ಲಿ ಈಗ ಕೂತಿದ್ದಾಳೆ. ಬೆವರು ಕಣ್ಣಿಗಿಳಿಯಿತು. ಬೆವರೇ ಇರಬೇಕು ಎಂದುಕೊಂಡು ಒರೆಸಿಕೊಂಡ.

ಗೇಟಿನಲ್ಲಿ ಅಕ್ಬರ ಸೀಟಿ ಊದಿ ನಿಲ್ಲಿಸಿದ. ಕಿಟಕಿಗೆ ಕೈ ಎಟುಕದ್ದರಿಂದ ಮೆಟ್ಟಿಲು ಹತ್ತಿ, ಬಾಗಿಲು ತೆರೆದು, ಚೀಟಿ ತೆಗೆದುಕೊಂಡ. ಫೋಟೊ ನೋಡಿದ. ಬಹಳ ಹೊತ್ತು ನೋಡಿದ.

"ದುರುಗಣ್ಣ, ಅಕ್ಕನ ಕಿವಿ ಹತ್ರ ಒಂದು ಕೂದಲು ಹೊರಗ ಬಂದೈತಿ."

ಫೋಟೊದ ಅಂಚು ದಾಟಿ ಬಿರುಕಿನ ತುದಿ ಇಣುಕುತ್ತಿತ್ತು. ಅಕ್ಬರ ಕೆಳಗಿಳಿದು, ಗೇಟಿನ ಮುಂದಿನ ಹೂವಿನವಳ ಹತ್ತಿರ ಒಂದು ಮೊಳ ಮಲ್ಲಿಗೆ ತಂದು, ಫೋಟೊದ ಸುತ್ತ ಇಳಿಬಿಟ್ಟ. ಕೂದಲು ಮುಚ್ಚಿತು.

"ನಿನ್ನ ಬೆನ್ನು ಈ ಗೇಟಿಗೆ ಆಗಂಗಿಲ್ಲ. ಹೋಗು. ಒಳಗ ಜಾಸ್ತಿ ಮಾತಾಡಬ್ಯಾಡ," ಎಂದು ಅಕ್ಬರನೂ ಹಿಂದೆಯೇ ಬಂದ.

ಶೆಡ್ಡಿನಲ್ಲಿ ಎಂಜಿನಿಯರು ಕಾಯುತ್ತಿದ್ದಳು. ರಂಜಿತಾ ಎಂಬ ಮೂವತ್ತರ ಹೆಣ್ಣುಮಗಳು, ಕೈಯಲ್ಲಿ ಟ್ಯಾಬು. ಪಕ್ಕದಲ್ಲಿ ಸೂಪರ್‌ವೈಸರ್ ಗೋವಿಂದರಾಜ. ಅವನು ಪಟ ಕಂಡ ಕೂಡಲೇ ಹುಬ್ಬು ಗಂಟಿಕ್ಕಿದ.

"ಗಾಜಿನ ಮ್ಯಾಲ ಏನೂ ಹಚ್ಚಬಾರದು ಅಂತ ಹೇಳಿಲ್ಲೇನು? ಕಿತ್ತು ಒಗಿ ಅದನ್ನ."

"ಸರ್, ಇವರ ಮನಿಯವರು ತೀರಿಕೊಂಡು ಏಳು ತಿಂಗಳಾತ್ರಿ," ಎಂದ ಅಕ್ಬರ. "ಒಳಗ ಅವರದ ಫೋಟೊ ಐತ್ರಿ. ಹೂವು ಸೈತ ಇನ್ನೂ ಬಾಡಿಲ್ಲ."

ರಂಜಿತಾ ಬೂಟು ಕಳಚಿ ಒಳಗೆ ಹತ್ತಿದಳು. ಫೋಟೊದ ಮುಂದೆ ನಿಂತಳು. ಮಾರೆವ್ವ ಆಕೆಗೆ ಎಲ್ಲವನ್ನೂ ಹೇಳಿಬಿಡುವವಳಂತೆ ಬಾಯಿ ತೆರೆದಿದ್ದಳು. ದುರುಗಪ್ಪ ಹೆಂಡತಿಯ ಕಡೆ ನೋಡದೆ ನೆಲ ನೋಡಿದ.

"ಇದು ಇಲ್ಲೇ ಇರಲಿ," ಎಂದು ರಂಜಿತಾ ಮೆಲ್ಲಗೆ ಹೇಳಿ, ದುರುಗಪ್ಪನ ಕಡೆ ತಿರುಗಿ, "ನೀವು ನನಗೊಂದು ನಿಜ ಹೇಳಿ. ಗಾಜಿಗೆ ಏನಾದರೂ ಆಗಿದೆಯಾ? ಕಲ್ಲು, ಬಿರುಕು, ಸಣ್ಣ ಚುಕ್ಕೆ? ಇದ್ದರೆ ಹೆದರಬೇಡಿ, ಹೇಳಿ," ಎಂದಳು.

"ಸುಳ್ಳು ಹೇಳಿದವ ಇಲ್ಲಿ ಒಂದು ದಿನ ಉಳಿಯಂಗಿಲ್ಲ, ನೆನಪಿರಲಿ," ಎಂದ ಕೆಳಗಿನಿಂದ ಗೋವಿಂದರಾಜ.

"ಏನೂ ಆಗಿಲ್ರಿ ಮೇಡಂ."

"ಸರಿಯಾಗಿ ನೆನಪು ಮಾಡಿಕೊಳ್ಳಿ."

ದುರುಗಪ್ಪ ಫೋಟೊದ ಮೇಲೆ ಕೈಯಿಟ್ಟ. ಗಾಜು ಬಿಸಿಯಾಗಿತ್ತು. "ಈಕಿ ಆಣಿರಿ. ಏನೂ ಆಗಿಲ್ಲ."

ರಂಜಿತಾಳ ಕಣ್ಣು ತೇವವಾಯಿತು. ಟ್ಯಾಬಿನಲ್ಲಿ ಬರೆದುಕೊಂಡು ಕೆಳಗಿಳಿದಳು. ಶೆಡ್ಡಿನ ಮೂಲೆಯಲ್ಲಿ, ಹತ್ತಿಯ ಹಾಸಿನ ಮೇಲೆ ನಿಲ್ಲಿಸಿದ್ದ ದೊಡ್ಡದೊಂದು ಕಟ್ಟಿಗೆಯ ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

"ತಪ್ಪು ಚಾಲಕರದಲ್ಲ, ನಮ್ಮದು. ಮೊದಲು ಕಳಿಸಿದ ಗಾಜುಗಳು ಈ ಬಿಸಿಲು, ಈ ಕಲ್ಲಿಗೆ ತಡೆಯುವುದಿಲ್ಲ ಎಂದು ಗೊತ್ತಾಗಿದೆ. ಗಟ್ಟಿ ಗಾಜು ಮಾಡಿಸಿದ್ದೇವೆ. ಸದ್ಯಕ್ಕೆ ಬಂದಿರುವುದು ಒಂದೇ. ಓಡುತ್ತಿರುವ ಲಾರಿಯ ಗಾಜಿಗೆ ಏನಾದರೂ ಆಗಿದ್ದರೆ ಅದಕ್ಕೇ ಮೊದಲು ಹಾಕಬೇಕು ಅಂತಿತ್ತು. ಇವರದು ಸರಿ ಇದೆಯಲ್ಲ. ಅಕ್ಬರ್ ಅವರ ಲಾರಿಗೆ ಹಾಕಿ. ನಾಳೆಯಿಂದ ಅವರು ಓಡಿಸಲಿ."

ಅಕ್ಬರನ ಕೈಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಅವನು ದುರುಗಪ್ಪನ ಕಡೆ ನೋಡಿದ. "ಖುದಾನ ಆಣಿ, ನನಗ ಗೊತ್ತಿರಲಿಲ್ಲಣ್ಣ," ಎಂದು ಪಿಸುಗುಟ್ಟಿದ.

ದುರುಗಪ್ಪ ಬಾಯಿ ತೆರೆದ. ಗೋವಿಂದರಾಜನ ಮುಖ ಕಂಡು ಹಾಗೆಯೇ ನಿಂತ. ಆಗ ಅವನೂ ಮಾರೆವ್ವನೂ ಒಂದೇ ರೀತಿ ಕಾಣುತ್ತಿದ್ದರು.

"ನಿಮ್ಮ ಲಾರಿಗೂ ಬರುತ್ತದೆ," ಎಂದಳು ರಂಜಿತಾ, "ಮೂರು ತಿಂಗಳ ಮೇಲೆ. ಅಲ್ಲಿಯವರೆಗೆ ಈ ಹಳೆಯ ಗಾಜನ್ನು ಹೀಗೇ ಕಾಪಾಡಿ. ಪ್ರತಿ ತಿಂಗಳೂ ಬಂದು ನೋಡುತ್ತೇನೆ. ಒಡೆಯದೆ ಉಳಿದ ಗಾಜು ಇದೊಂದೇ." ಮಾದರಿ ಚಾಲಕ ಎಂದು ದುರುಗಪ್ಪನ ಕೊರಳಿಗೊಂದು ಹಾರ ಹಾಕಿಸಿ, ಲಾರಿಯ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿನ ನಡುವೆಯೂ, ಬೆನ್ನ ಹಿಂದಿನಿಂದ ಟಿಕ್ ಎಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ದುರುಗಪ್ಪ ಕೊಪ್ಪಳದ ಫೋಟೊ ಸ್ಟುಡಿಯೋದಲ್ಲಿ ಕೂತಿದ್ದ. ಮಾರೆವ್ವನ ಆಧಾರ್ ಕಾರ್ಡು ಮೇಜಿನ ಮೇಲಿತ್ತು.

"ಎಷ್ಟು ದೊಡ್ಡದು ಬೇಕ್ರಿ?"

ದುರುಗಪ್ಪ ಎರಡು ಕೈ ಅಗಲಿಸಿ ತೋರಿಸಿದ. ಯೋಚಿಸಿ ಇನ್ನೂ ಸ್ವಲ್ಪ ಅಗಲಿಸಿದ. "ಈ ತಿಂಗಳಿಗೆ ಇಷ್ಟು ಸಾಕ್ರಿ. ಮುಂದಿನ ತಿಂಗಳು ಮತ್ತ ಬರತೇನಿ."

ಸ್ಟುಡಿಯೋದವನು ಅವನನ್ನು ಗೌರವದಿಂದ ನೋಡಿದ. "ಮನಿಯವ್ರ ಮ್ಯಾಲ ಇಷ್ಟು ಜೀವ ಇಟ್ಟವರನ್ನ ನಾ ಕಂಡಿಲ್ರಿ."

ದುರುಗಪ್ಪ ತಲೆ ತಗ್ಗಿಸಿದ. ಕಾರ್ಡಿನ ಮೇಲೆ ಬೆರಳಿಟ್ಟು ಕೇಳಿದ. "ಕಂಪ್ಯೂಟರಿನಾಗ ಆಕಿ ಬಾಯಿ ಮುಚ್ಚಾಕ ಬರತೈತೇನ್ರಿ?"

"ಬರತೈತ್ರಿ. ಆದ್ರ ಆಮ್ಯಾಲ ಅದು ಆಕಿ ಅನಸಂಗಿಲ್ಲ."

ಪರದೆಯ ಮೇಲೆ ಮಾರೆವ್ವ ದೊಡ್ಡವಳಾಗುತ್ತಿದ್ದಳು. ಬಾಯಿಯೂ ಜೊತೆಗೆ ದೊಡ್ಡದಾಗುತ್ತಿತ್ತು. ದುರುಗಪ್ಪ ಬಹಳ ಹೊತ್ತು ನೋಡಿದ.

"ಹಂಗ ಇರಲಿ ಬಿಡ್ರಿ," ಎಂದ. "ದೊಡ್ಡದಷ್ಟ ಮಾಡ್ರಿ."