ಕಾರಿಡಾರಿನ ಬೋರ್ಡಿನಲ್ಲಿರುವ ಮದುವೆ ಸೂಚನೆಯು ‘ಪ್ರಕಟ’ವಾಗಿದೆಯೇ ಎಂಬ ಕುರಿತು

ಸಂಖ್ಯೆ: ಮು.ಪ್ರ./ಪದದ ಅರ್ಥ/ಮದುವೆ/4/ಪರಿಷ್ಕೃತ/ಮತ್ತೆ ಪರಿಷ್ಕೃತ

ವಿಷಯ: ‘ಪ್ರಕಟಣೆ’ ಎಂಬ ಪದದ ಅರ್ಥ ಹಾಗೂ ಮೂಲವನ್ನು ನಿಗದಿಪಡಿಸಿ, ತನ್ಮೂಲಕ ಒಂದು ಮದುವೆಯನ್ನು ತಡೆಯುವ ಬಗ್ಗೆ.

ಉಲ್ಲೇಖ:
1. ನೌಕರರ ಪರಸ್ಪರ ವಿವಾಹ ನಿಯಮ (ಕೆಳಗೆ ಸಹಿ ಮಾಡಿರುವವರೇ ರಚಿಸಿದ್ದು, ಆಗ ಮಗಳು ಮೂರನೇ ತರಗತಿಯಲ್ಲಿದ್ದಳು).
2. ಕರಡು ತಿದ್ದುವ ನೌಕರರು ಬೋರ್ಡಿಗೆ ಅಂಟಿಸಿರುವ ಸೂಚನೆ.
3. ಕೆಳಗೆ ಸಹಿ ಮಾಡಿರುವವರ ಧರ್ಮಪತ್ನಿಯವರ ಮೌಖಿಕ ಅಭಿಪ್ರಾಯ (ಎರಡು ಬಾರಿ, ಎರಡನೆಯದು ಏರುದನಿಯಲ್ಲಿ).

ಮುದ್ರಣ ಮತ್ತು ಪ್ರಕಟಣಾ ಇಲಾಖೆಯ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಕರಡು ತಿದ್ದುವ ನೌಕರರು (ಇನ್ನು ಮುಂದೆ ‘ವರ’) ಬೈಂಡಿಂಗ್ ವಿಭಾಗದ ಮೇಲ್ವಿಚಾರಕಿಯನ್ನು ಮದುವೆಯಾಗಲು ಇಚ್ಛಿಸಿರುತ್ತಾರೆ. ಸದರಿ ಮೇಲ್ವಿಚಾರಕಿಯು ಕೆಳಗೆ ಸಹಿ ಮಾಡಿರುವವರ ಒಬ್ಬಳೇ ಮಗಳಾಗಿರುತ್ತಾಳೆ. ಉಲ್ಲೇಖ 1ರಂತೆ, ಇಂಥ ಸೂಚನೆಯು ಬೋರ್ಡಿನಲ್ಲಿ ಪ್ರಕಟವಾಗಿ ಹದಿನೈದು ದಿನಗಳೊಳಗೆ ಆಕ್ಷೇಪಣೆ ಬಾರದಿದ್ದಲ್ಲಿ ಮುಖ್ಯಸ್ಥರು ಒಪ್ಪಿದ್ದಾರೆಂದೇ ಭಾವಿಸತಕ್ಕದ್ದು. ಮುಖ್ಯಸ್ಥರ, ಅಂದರೆ ಕೆಳಗೆ ಸಹಿ ಮಾಡಿರುವವರ, ಆಕ್ಷೇಪಣೆಯು ಹದಿನಾರನೆಯ ದಿನ ಬಂದಿದೆ. ಆದಾಗ್ಯೂ, ಸೂಚನೆಯು ಪ್ರಕಟವೇ ಆಗಿಲ್ಲವಾದ್ದರಿಂದ ಅವಧಿಯು ಆರಂಭವೇ ಆಗಿಲ್ಲವೆಂದು ಈ ಕೆಳಗಿನಂತೆ ಸಾಧಿಸಿ ತೋರಿಸಲಾಗಿದೆ:

1. ನಿಘಂಟಿನ ಪ್ರಕಾರ ‘ಪ್ರಕಟ’ ಎಂದರೆ ಸ್ಪಷ್ಟವಾದ, ತೆರೆದ, ಎಲ್ಲರಿಗೂ ಕಾಣುವ. ಪುಸ್ತಕದವರು ಬಳಸುವ ‘ಪ್ರಕಾಶನ’ದಲ್ಲಿಯಂತೂ ‘ಪ್ರಕಾಶ’ವೇ ಇದೆ, ಅಂದರೆ ಬೆಳಕು. ಆದ್ದರಿಂದ ಬೆಳಕಿಲ್ಲದ ಕಡೆ ಪ್ರಕಟಣೆ ಇರಲಾರದು. ಬೋರ್ಡಿನ ಮೇಲಿನ ಬಲ್ಬ್ ಸುಟ್ಟುಹೋಗಿದೆ. ಈ ಬಗ್ಗೆ ವಿವರಣೆ ಕೇಳಲಾಗಿ, ಎಲೆಕ್ಟ್ರಿಷಿಯನ್ “ಅದು ಹೋಗಿ ಯಾವ ಕಾಲ ಆಯ್ತೋ ಸಾರ್, ಯಾರೂ ಕೇಳ್ಲಿಲ್ಲ, ನಾನೂ ಹಾಕ್ಲಿಲ್ಲ” ಎಂದು ಉತ್ತರಿಸಿದ್ದಾರೆ. ಎದುರಿನ ಕಿಟಕಿಯಿಂದ ಬಿಸಿಲು ಬೀಳುತ್ತದೆಂಬ ವರನ ವಾದವನ್ನು ತಿರಸ್ಕರಿಸಲಾಗಿದೆ. ಸೂರ್ಯನು ಇಲಾಖೆಯ ಸಿಬ್ಬಂದಿಯಲ್ಲ.

2. ಅಚ್ಚಿನ ಯಂತ್ರ ಬರುವುದಕ್ಕೆ ಮೊದಲು ಪ್ರಕಟಣೆ ಎಂದರೆ ಡಂಗುರ ಸಾರುವುದೇ ಆಗಿತ್ತು. ಗಟ್ಟಿಯಾಗಿ ಕೂಗಿ ಹೇಳದ ಯಾವುದನ್ನೂ ಪ್ರಕಟವೆಂದು ಪರಿಗಣಿಸಲಾಗದು. ವರನ ದನಿಯು ಅವರದೇ ಮೇಜಿನ ಆಚೆಗೆ ದಾಟುವುದಿಲ್ಲ ಎಂಬುದು ಸರ್ವವಿದಿತ. ಸಾಕ್ಷ್ಯಕ್ಕಾಗಿ, ಕಾರಿಡಾರಿನ ಒಂದು ತುದಿಯಲ್ಲಿ ನಿಂತು ಸೂಚನೆಯನ್ನು ಕೂಗುವಂತೆ ಅವರಿಗೆ ಆದೇಶಿಸಲಾಯಿತು. ನಿರೀಕ್ಷೆಯಂತೆ ಏನೂ ಕೇಳಿಸಲಿಲ್ಲ. ಆದರೆ ಇನ್ನೊಂದು ತುದಿಯಿಂದ ಬೈಂಡಿಂಗ್ ಮೇಲ್ವಿಚಾರಕಿಯು, ಯಾರೂ ಆದೇಶಿಸದೆಯೇ, “ಕೇಳಿಸ್ತು ಕಣ್ರೀ! ನಂಗೂ ಒಪ್ಪಿಗೆ!” ಎಂದು ಕೂಗಿದ್ದರಿಂದ ಎಲ್ಲ ವಿಭಾಗದವರೂ ಹೊರಬಂದು ಚಪ್ಪಾಳೆ ತಟ್ಟಿರುತ್ತಾರೆ. ಸದರಿ ಚಪ್ಪಾಳೆಯನ್ನು ಕಡತಕ್ಕೆ ಸೇರಿಸಿಲ್ಲ.

3. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ಸಮಾನವಾದ ಪದಕ್ಕೆ ‘ಸಾರ್ವಜನಿಕರ ಸೊತ್ತಾಗಿಸು’ ಎಂಬ ಅರ್ಥವೂ ಇತ್ತೆಂದು ತಿಳಿದುಬಂದಿದೆ. ಸಾಕಿ ಸಲಹಿದ ಮಗಳನ್ನು ಬೋರ್ಡಿಗೆ ಅಂಟಿಸಿ ಸಾರ್ವಜನಿಕರ ಸೊತ್ತಾಗಿಸಲು ಯಾವ ತಂದೆಯೂ ಅನುಮತಿ ನೀಡಲಾರನು. ಈ ಕಂಡಿಕೆಯನ್ನು ಓದಿದ ಮೇಲ್ವಿಚಾರಕಿಯು “ಅಪ್ಪಾ, ನಾನು ಅವರ ಸೊತ್ತೂ ಅಲ್ಲ, ನಿಮ್ಮ ಸೊತ್ತೂ ಅಲ್ಲ. ಮೊದ್ಲು ಊಟಕ್ಕೆ ಬನ್ನಿ, ಎಲ್ಲಾ ಆರಿಹೋಗ್ತಿದೆ” ಎಂದಿದ್ದಾಳೆ. ಊಟದ ಮಟ್ಟಿಗೆ ಇದನ್ನು ಒಪ್ಪಲಾಗಿದೆ.

4. ಸೂಚನೆಯನ್ನು ಯಾರೂ ಓದಿಲ್ಲವೆಂದು ಸಾಬೀತುಪಡಿಸಲು ಹೇಳಿಕೆಗಳನ್ನು ಪಡೆಯಲಾಯಿತು. ಅಂಟಿಸಿದ ದಿನವೇ ಇಡೀ ಕಟ್ಟಡ ಓದಿದೆ. ಕಾವಲುಗಾರರು ಓದಿದ್ದಾರೆ, ಕಾಗದದ ಲಾರಿ ಚಾಲಕರು ಓದಿದ್ದಾರೆ, ಮನೆಯಲ್ಲಿ ಮರೆತುಬಂದಿದ್ದ ಛತ್ರಿಯನ್ನು ಕೊಡಲು ಬಂದಿದ್ದ ಧರ್ಮಪತ್ನಿಯವರೂ ಓದಿ, ಸೀರೆಯ ಅಂಗಡಿಗೆ ಹೋಗಿಬಂದಿದ್ದಾರೆ. ಓದದೆ ಉಳಿದವರು ಒಬ್ಬರೇ. ಆ ಒಬ್ಬರ ಬಗ್ಗೆ ಜವಾನರು, “ಸಾಹೇಬ್ರು ದಿನಾ ಆ ಬೋರ್ಡಿನ ಗಾಜಿನ ಮುಂದೆ ನಿಂತೇ ತಲೆ ಬಾಚ್ಕೋತಾರೆ. ಓದಿ ಸುಮ್ನಿದ್ದಾರೆ ಅಂದ್ಕೊಂಡ್ವಿ” ಎಂದು ಬರೆದುಕೊಟ್ಟಿದ್ದಾರೆ. ತಲೆ ಬಾಚುವ ಸಮಯದಲ್ಲಿ ಅಧಿಕಾರಿಯ ಕಣ್ಣಿಗೆ ತಲೆಗೂದಲಿನ ಹೊರತು ಬೇರೇನೂ ಕಾಣತಕ್ಕದ್ದಲ್ಲವೆಂದು ಈ ಮೂಲಕ ಸ್ಪಷ್ಟೀಕರಿಸಲಾಗಿದೆ.

5. ಮೇಲಿನ ಎಲ್ಲ ಕಾರಣಗಳಿಂದ, ಸದರಿ ಬೋರ್ಡಿನಲ್ಲಿ ಅಂಟಿಸಿದ ಯಾವುದೇ ಕಾಗದವು ಎಂದೆಂದಿಗೂ ಪ್ರಕಟವಾಗಿಲ್ಲವೆಂದು ಘೋಷಿಸಲಾಗಿದೆ.

6. ಇಲ್ಲಿಯವರೆಗೆ ಟೈಪಾದ ಮೇಲೆ ಹಿರಿಯ ಗುಮಾಸ್ತೆಯವರಿಂದ ಒಂದು ಟಿಪ್ಪಣಿ ಬಂದಿರುತ್ತದೆ. ಕಾಗದ ವ್ಯರ್ಥವಾಗಬಾರದೆಂದು ಇದರಲ್ಲೇ ಮುಂದುವರಿಸಲಾಗಿದೆ. ಟಿಪ್ಪಣಿಯ ಸಾರಾಂಶ: ಕೆಳಗೆ ಸಹಿ ಮಾಡಿರುವವರು ಮುಖ್ಯಸ್ಥರಾದ ಬಡ್ತಿ ಆದೇಶವನ್ನೂ ಇದೇ ಬೋರ್ಡಿನಲ್ಲಿ, ಇದೇ ಸುಟ್ಟ ಬಲ್ಬಿನ ಕೆಳಗೆ ಅಂಟಿಸಲಾಗಿತ್ತು, ಯಾರೂ ಕೂಗಿರಲಿಲ್ಲ. ಅದು ಪ್ರಕಟವಾಗಿಲ್ಲವೆಂದಾದಲ್ಲಿ ಅವರು ಮುಖ್ಯಸ್ಥರಲ್ಲ, ಈ ಸುತ್ತೋಲೆಯೂ ಸುತ್ತೋಲೆಯಲ್ಲ. ಅವರು ಹಿಂದಿನ ಹುದ್ದೆಗೆ ಮರಳಬೇಕಾಗುತ್ತದೆ. ಹಿಂದಿನ ಹುದ್ದೆ ಎಂದರೆ ಕರಡು ತಿದ್ದುವವರ ಪಕ್ಕದಲ್ಲಿ ಕುಳಿತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿಹೇಳುವ ಸಹಾಯಕ. ಈಗಿನ ಕರಡು ತಿದ್ದುವವರು ಯಾರೆಂದು ಸಿಬ್ಬಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

7. ಅಯ್ಯೋ, ಇದೊಳ್ಳೆ ಪೇಚಾಟಕ್ಕೆ ಬಂತು! (ಈ ವಾಕ್ಯವನ್ನು ಟೈಪು ಮಾಡಬಾರದೆಂದು ಸೂಚಿಸಲಾಗಿತ್ತು.)

8. ಕಡತವನ್ನು ಮತ್ತೊಮ್ಮೆ ಪರಿಶೀಲಿಸಲಾಯಿತು. ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಮಗಳನ್ನು ಕಂಡರೆ ಅವನ ಮುಖ ಅರಳುತ್ತದೆ. ವರನ ಮೇಲೆ ಯಾವ ಆಕ್ಷೇಪಣೆಯೂ ಈ ಕಚೇರಿಯಲ್ಲಿ ಲಭ್ಯವಿಲ್ಲ. ಮಗಳು ಮನೆಯಿಂದ ಹೊರಟುಹೋಗುತ್ತಾಳಲ್ಲ ಎಂದು ಕರುಳು ಚುರುಕ್ಕೆನ್ನುತ್ತದೆ ಎಂಬುದೊಂದೇ ತಕರಾರು. ಇದಕ್ಕೆ ನಿಯಮಗಳಲ್ಲಿ ಅವಕಾಶ ಕಂಡುಬಂದಿಲ್ಲ.

9. ಆದ್ದರಿಂದ ‘ಪ್ರಕಟ’ ಎಂದರೆ ಅಪ್ಪನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿರುವುದು ಎಂದು ಅರ್ಥೈಸತಕ್ಕದ್ದು. ಕಂಡಿಕೆ 1ರಿಂದ 5ನ್ನು ಹಿಂಪಡೆಯಲಾಗಿದೆ. ಮದುವೆಗೆ ಮನಃಪೂರ್ವಕ ಒಪ್ಪಿಗೆ ನೀಡಲಾಗಿದೆ.

(ಸಹಿ/-)
ಮುಖ್ಯಸ್ಥರು ಹಾಗೂ ವಧುವಿನ ತಂದೆ

ಪ್ರತಿಗಳು:
1. ಹಿರಿಯ ಗುಮಾಸ್ತೆಯವರಿಗೆ: ಇನ್ನು ಮುಂದೆ ಟಿಪ್ಪಣಿಗಳನ್ನು ಟೈಪಾಗುವ ಮೊದಲೇ ಕಳುಹಿಸಲು.
2. ಧರ್ಮಪತ್ನಿಯವರಿಗೆ: ಮಾಹಿತಿಗಾಗಿ. (ಮಾಹಿತಿ ಇದೆ.)
3. ವರನಿಗೆ: ಕಚೇರಿಯಲ್ಲಿ ‘ಸಾರ್’ ಎಂದೂ, ಮನೆಯಲ್ಲಿ ‘ಮಾವ’ ಎಂದೂ ಕರೆಯಲು. ಆರಂಭದಲ್ಲಿ ಅದಲುಬದಲಾದಲ್ಲಿ ಶಿಸ್ತುಕ್ರಮ ಇರುವುದಿಲ್ಲ.
4. ವಧುವಿಗೆ: ಪ್ರತಿ ಭಾನುವಾರ ಗಂಡನೊಡನೆ ತವರಿಗೆ ಊಟಕ್ಕೆ ಬರುವಂತೆ ಆದೇಶಿಸಲಾಗಿದೆ. ಇದಕ್ಕೆ ಆಕ್ಷೇಪಣೆ ಸಲ್ಲಿಸಲು ಒಂದು ದಿನದ ಅವಧಿಯೂ ಇರುವುದಿಲ್ಲ, ಮಗಳೇ.